ಬ್ಯಾಳಿ, ಪ್ಯಾಟಿ, ಕೇರಿ

ಆಡುಮಾತಿನ ಧ್ವನಿಗಳನ್ನು ಅಭ್ಯಾಸ ಮಾಡಲು ಪ್ರಯೋಗಾಲಯವೇ ಬೇಕೆಂದಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವಿನ ಬೈರಿದೇವರಕೊಪ್ಪದಲ್ಲಿ ಚಿಗರಿ ಬಸ್ಸಿಗೆ ಕಾಯುವಷ್ಟು ಹೊತ್ತು ಸಾಕು. ಆದರೆ ಸುತ್ತಲಿನವರು ಏನು ಹೇಳುತ್ತಾರೆ ಎಂಬುದನ್ನು ಮರೆತು, ಹೇಗೆ ಹೇಳುತ್ತಾರೆ ಎಂಬುದಕ್ಕೆ ಕಿವಿಗೊಡಬೇಕು.

ಊರಿನ ಹೆಸರಿನಿಂದಲೇ ಶುರು ಮಾಡಿ. ಬೈರಿ ಎಂದೂ ಭೈರಿ ಎಂದೂ ಬರೆಯುವುದುಂಟು. ಬಾಯಿಯ ಮುಂದೆ ಅಂಗೈ ಹಿಡಿದು ಎರಡನ್ನೂ ಹೇಳಿ ನೋಡಿ. ಭಕಾರದಲ್ಲಿ ಉಸಿರು ಅಂಗೈಗೆ ಹೆಚ್ಚು ತಾಗುತ್ತದೆ, ಅದೇ ಮಹಾಪ್ರಾಣ. ದಿನನಿತ್ಯದ ಮಾತಿನಲ್ಲಿ ಅದು ಉಳಿಯುವುದು ಅಪರೂಪ.

ಈಗ ಸ್ವರಗಳಿಗೆ ಬನ್ನಿ. ಈ ಭಾಗದಲ್ಲಿ ಮನೆ ‘ಮನಿ’ ಆಗುತ್ತದೆ, ಎಲೆ ‘ಎಲಿ’, ಕುದುರೆ ‘ಕುದುರಿ’. ಹಾಗಂತ ಕೊನೆಯ ಎಕಾರವೆಲ್ಲ ಇಕಾರವಾಗುವುದಿಲ್ಲ. ಮುಂದೆ, ಹಿಂದೆ ಎಂಬವು ‘ಮುಂದ’, ‘ಹಿಂದ’ ಆಗುತ್ತವೆ. ಇನ್ನು ಬೇಳೆ ‘ಬ್ಯಾಳಿ’, ಪೇಟೆ ‘ಪ್ಯಾಟಿ’. ಆದರೆ ಕೇರಿ ಕೇರಿಯಾಗಿಯೇ ಇರುತ್ತದೆ, ಬೇಲಿಯೂ ಅಷ್ಟೆ. ಗದ್ದಕ್ಕೆ ಬೆರಳಿಟ್ಟು ಹೇಳಿದರೆ ‘ಬ್ಯಾ’ದಲ್ಲಿ ದವಡೆ ಕೆಳಗಿಳಿಯುವುದು ತಿಳಿಯುತ್ತದೆ. ನಮ್ಮ ಲಿಪಿಯಲ್ಲಿ ಈ ಸ್ವರಕ್ಕೆ ಅಕ್ಷರವಿಲ್ಲ. ಯಕಾರ ಹಚ್ಚಿ ಹೇಗೋ ಬರೆಯುತ್ತೇವೆ.

ಬ್ಯಾಳಿ, ಬೇಲಿ ಎರಡೂ ಇಕಾರದಲ್ಲೇ ಮುಗಿಯುತ್ತವೆ. ಹಾಗಿದ್ದರೆ ಒಂದರಲ್ಲಿ ಮಾತ್ರ ಬಾಯಿ ಅಗಲವಾಗುವುದೇಕೆ? ಸುಳಿವು ಮೈಸೂರು ಕಡೆಯ ಹಳ್ಳಿಗಳಲ್ಲಿದೆ. ಅಲ್ಲಿ ‘ಬ್ಯಾಳೆ’, ‘ಪ್ಯಾಟೆ’ ಎನ್ನುತ್ತಾರೆ. ಮುಂದಿನ ಎಕಾರದಿಂದಾಗಿ ಏಕಾರ ಮೊದಲು ಅಗಲವಾಯಿತು, ಆಮೇಲೆ ನಮ್ಮಲ್ಲಿ ಕೊನೆಯ ಎಕಾರ ಇಕಾರವಾಯಿತು ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಬೇಲಿಯಲ್ಲಿ ಮೊದಲಿನಿಂದಲೂ ಇಕಾರವೇ ಇತ್ತು. ಹಳ್ಳಿ ಮಾತನ್ನು ‘ಅಶುದ್ಧ’ ಎನ್ನುವವರಿಗೆ ನಾನು ಮೊದಲು ಕೊಡುವುದು ಈ ಲೆಕ್ಕವನ್ನೇ.

ಊರು ಒಂದೇ ಆದರೂ ಮಾತು ಒಂದೇ ಅಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ವಿಲಿಯಂ ಮೆಕ್‌ಕಾರ್ಮ್ಯಾಕ್ 1960ರಲ್ಲಿ ಧಾರವಾಡ ಕನ್ನಡದ ಸಾಮಾಜಿಕ ಉಪಭಾಷೆಗಳ ಬಗ್ಗೆ ಬರೆದರು. ಜಾತಿಯ ಗೆರೆಗಳು ಮಾತಿನಲ್ಲೂ ಕಾಣುವುದನ್ನು ಅವರು ಗುರುತಿಸಿದ್ದರು. ‘ಐತಿ’ ಯಾರ ಬಾಯಲ್ಲಿ, ‘ಅದ’ ಯಾರ ಬಾಯಲ್ಲಿ ಎಂಬುದು ಇಲ್ಲಿಯವರಿಗೆ ಹೇಳಿಕೊಡಬೇಕಾದ ಸಂಗತಿಯೇನಲ್ಲ. ಈಗ ಶಾಲೆ, ನೌಕರಿ, ಟಿವಿಗಳಿಂದ ‘ಇದೆ’ಯೂ ಬಂದು ಸೇರಿಕೊಂಡಿದೆ.

ಯಾರು ಯಾವಾಗ ಯಾವ ರೂಪ ಬಳಸುತ್ತಾರೆ ಎಂದು ಪರೀಕ್ಷಿಸಲು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಒಂದು ಉಪಾಯ ತೋರಿಸಿದ್ದಾರೆ. 1962ರಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಲ್ಲಿ, ನಾಲ್ಕನೇ ಮಹಡಿಯಲ್ಲಿರುವ ಸಾಮಾನು ಎಲ್ಲಿದೆ ಎಂದು ಕೆಲಸದವರನ್ನು ಕೇಳುತ್ತ ಹೋದರು. ಅವರಿಗೆ ಬೇಕಿದ್ದದ್ದು ‘ಫೋರ್ತ್ ಫ್ಲೋರ್’ ಎನ್ನುವಾಗಿನ ರಕಾರ. ಕೇಳಿಸದವರಂತೆ ಮತ್ತೊಮ್ಮೆ ಕೇಳಿ ಎಚ್ಚರದ ಉಚ್ಚಾರವನ್ನೂ ಹಿಡಿದರು. ದುಬಾರಿ ಅಂಗಡಿಯಲ್ಲಿ ರಕಾರ ಹೆಚ್ಚು ಕೇಳಿಸಿತು.

ನೀವೂ ಬಸ್ಸಿಗೆ ಕಾಯುತ್ತ, ಹತ್ತಿರದ ನವನಗರ ಯಾವ ಕಡೆ ಎಂದು ಕೇಳಿ. ‘ಮುಂದ ಐತ್ರಿ’ ಎಂದರೆ, ‘ಏನಂದ್ರಿ?’ ಎನ್ನಿ. ಎರಡು ಉತ್ತರಗಳನ್ನೂ ಬೇರೆ ಬೇರೆ ಬರೆದಿಡಿ. ರೆಕಾರ್ಡ್ ಮಾಡುವುದಾದರೆ ಮೊದಲೇ ಒಪ್ಪಿಗೆ ಪಡೆಯಿರಿ. ಫೋನ್ ಕಂಡೊಡನೆ ‘ಐತಿ’ ಹೋಗಿ ‘ಇದೆ’ ಬಂದರೆ ಅದನ್ನೂ ಬರೆದುಕೊಳ್ಳಿ.