ಜೋಳದ ಹೊಲದಲ್ಲಿ ಆಹಾರದ ಮೆಟ್ಟಿಲುಗಳು

ವಿಜಯಪುರದಿಂದ ಅಥಣಿಯ ಹಾದಿ ಹಿಡಿದು ಪಶ್ಚಿಮಕ್ಕೆ ಹೋದರೆ ತಿಕೋಟಾ ಸಿಗುತ್ತದೆ. ಈಗ ದ್ರಾಕ್ಷಿಗೆ ಹೆಸರಾದ ಈ ಸೀಮೆಯ ಎರೆಭೂಮಿಗೆ ಹಿಂಗಾರಿಯ ಬಿಳಿಜೋಳ ಹಳೆಯ ನಂಟು. ತೆನೆ ಹಾಲುಗಾಳಾಗಿರುವ ಹೊತ್ತಿನಲ್ಲಿ ಅಂಥ ಹೊಲವೊಂದರ ಬದುವಿನ ಮೇಲೆ ಕುಳಿತು, ಯಾವುದು ಯಾವುದನ್ನು ತಿನ್ನುವುದೆಂದು ನೋಡೋಣ.

ಬಿಸಿಲನ್ನು ಹಿಡಿದು ಆಹಾರವನ್ನು ತಯಾರಿಸಬಲ್ಲುದು ಇಲ್ಲಿ ಹಸುರೆಲೆಯೊಂದೇ. ಆದುದರಿಂದ ಜೋಳದ ಗಿಡವು ಮೊದಲನೆಯ ಮೆಟ್ಟಿಲು; ಇದಕ್ಕೆ ಉತ್ಪಾದಕವೆಂದು ಹೆಸರು. ಎಲೆ ಕಡಿಯುವ ಮಿಡತೆ, ಕಾಳು ಕದಿಯುವ ಇಲಿ ಎರಡನೆಯ ಮೆಟ್ಟಿಲಿನವು. ಮಿಡತೆಯನ್ನು ನುಂಗುವ ಓತಿಕೇತ, ಇಲಿಯನ್ನು ಹಿಡಿಯುವ ಕೇರೆಹಾವು ಮೂರನೆಯವು. ಇವುಗಳ ಮೇಲೆರಗುವ ಗಿಡುಗನದು ನಾಲ್ಕನೆಯದು.

ಪ್ರಾಣಿಯ ಮೆಟ್ಟಿಲನ್ನು ನಿರ್ಧರಿಸುವುದು ಅದರ ತುತ್ತು. ಕಾಳು ತಿನ್ನುವ ಗುಬ್ಬಿಯು ತಾನು ಎರಡನೆಯ ಮೆಟ್ಟಿಲಲ್ಲಿದ್ದು, ಮರಿಗಳಿಗೆ ಹುಳುಗಳನ್ನು ತಿನ್ನಿಸಿ ಅವನ್ನು ಮೂರನೆಯದಕ್ಕೆ ಏರಿಸುತ್ತದೆ. ನಾವಾದರೂ ಅಷ್ಟೆ. ಜೋಳದ ರೊಟ್ಟಿ ಮುರಿಯುವಾಗ ಇಲಿಯ ಸಾಲಿನವರು. ಕಣಿಕೆ ತಿಂದ ಎಮ್ಮೆಯ ಮೊಸರನ್ನು ಅದಕ್ಕೆ ಹಚ್ಚಿಕೊಂಡೊಡನೆ ಹಾವಿನ ಸಾಲಿನವರು. (ಊಟಕ್ಕೆ ಬಡಿಸುತ್ತಿರುವ ತಾಯಿಯ ಮುಂದೆ ಈ ಮಾತನ್ನು ಆಡದಿರುವುದು ಲೇಸು.)

ಹೊಲದಲ್ಲಿ ಮಿಡತೆಗಳಿಗೆ ಲೆಕ್ಕವಿಲ್ಲ. ಗಿಡುಗ ಮಾತ್ರ ಒಂದೋ ಎರಡೋ. ಇದೇಕೆ? ತಿಂದುದೆಲ್ಲ ಮೈಯಾಗುವುದಿಲ್ಲ. ಓಡಾಟಕ್ಕೆ, ಉಸಿರಾಟಕ್ಕೆ, ಮೈಯ ಕಾವಿಗೆ ಹೆಚ್ಚಿನ ಶಕ್ತಿ ವ್ಯಯವಾಗುತ್ತದೆ. ಅಮೆರಿಕದ ರೇಮಂಡ್ ಲಿಂಡೆಮನ್ ಎಂಬ ತರುಣ ವಿಜ್ಞಾನಿ ಮಿನೆಸೋಟದ ಒಂದು ಸಣ್ಣ ಸರೋವರವನ್ನು ವರ್ಷಗಟ್ಟಲೆ ಪರೀಕ್ಷಿಸಿ ಈ ವ್ಯಯದ ಲೆಕ್ಕ ಹಾಕಿದನು. 1942ರಲ್ಲಿ ಆ ಲೇಖನ ಅಚ್ಚಾಗುವ ಮೊದಲೇ, 26ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಸ್ಥೂಲವಾಗಿ ಹೇಳುವುದಾದರೆ, ಒಂದು ಮೆಟ್ಟಿಲಿನ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲು ಮೇಲಿನದಕ್ಕೆ ಸಲ್ಲುತ್ತದೆ. ಜೋಳದಲ್ಲಿ 1000 ಪಾಲಿದ್ದರೆ ಇಲಿಯಲ್ಲಿ 100, ಹಾವಿನಲ್ಲಿ 10, ಗಿಡುಗನಲ್ಲಿ 1. ಬಿಸಿರಕ್ತದ ಇಲಿ ಈ ಲೆಕ್ಕಕ್ಕಿಂತಲೂ ದುಂದುಗಾರ. ತಣ್ಣನೆಯ ಮೈಯ ಹಾವು ಮಿತವ್ಯಯಿ.

ಮೇಲಿನ ಮೆಟ್ಟಿಲಿನವು ವಿರಳವಾದುದರಿಂದಲೇ ಅಲ್ಲಿ ಒಂದರ ಸಾವು ದೊಡ್ಡ ನಷ್ಟ. ರಾಶಿಯ ಕಾಲದಲ್ಲಿ ಕೇರೆಹಾವನ್ನು ಕಂಡೊಡನೆ ಬಡಿಗೆ ಎತ್ತುವವರುಂಟು. ಅದಕ್ಕೆ ವಿಷವಿಲ್ಲ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಇದೆ. ಹೆತ್ತು ಕೆಲವೇ ವಾರಗಳಲ್ಲಿ ಮತ್ತೆ ಹೆರಬಲ್ಲ ಇಲಿಯ ಸಂತಾನಕ್ಕೆ ಹಾವಿನ ಸಂತಾನ ಸರಿಗಟ್ಟಲಾರದು. ಇನ್ನು, ವಿಷದ ಕಾಳು ತಿಂದು ತತ್ತರಿಸುವ ಇಲಿಯನ್ನು ರಾತ್ರಿ ಗೂಬೆ ಹೊತ್ತೊಯ್ದರೆ, ಆ ವಿಷವೂ ಒಂದು ಮೆಟ್ಟಿಲು ಮೇಲೇರುತ್ತದೆ.