ಒಂಬತ್ತು ಸಿಂಫನಿಗಳನ್ನು ಒಟ್ಟಾಗಿ ಕೇಳುವ ವಿಷಯ

ಪ್ರಾರ್ಥನಾಮಂದಿರದಲ್ಲಿ ನಾಲ್ಕು ಧ್ವನಿಗಳಲ್ಲಿ ಕೀರ್ತನೆ ಹಾಡಿದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ, ಹಲವು ಧ್ವನಿಗಳು ಬೇರೆಬೇರೆ ದಾರಿಯಲ್ಲಿ ನಡೆದು ಕೂಡಿಬರುವ ಸುಖವು ತಿಳಿಯದ್ದಲ್ಲ. ಇದೇ ಸುಖವನ್ನು ವಾದ್ಯಮೇಳದಿಂದ, ಸಾಮಾನ್ಯವಾಗಿ ನಾಲ್ಕು ಭಾಗಗಳಲ್ಲಿ, ವಿಸ್ತಾರವಾಗಿ ಬೆಳೆಯಿಸತಕ್ಕ ಕೃತಿಗೆ ಸಿಂಫನಿಯೆಂದು ಹೆಸರು. ಬೀಥೋವನನು ಇಂತಹ ಒಂಬತ್ತನ್ನು ರಚಿಸಿದನು. ಮೊದಲನೆಯದು 1800ರಲ್ಲಿಯೂ ಕಡೆಯದು 1824ರಲ್ಲಿಯೂ ವಿಯೆನ್ನಾ ನಗರದಲ್ಲಿ ಪ್ರಥಮವಾಗಿ ನುಡಿಸಲ್ಪಟ್ಟವು. ಆ ಕಾಲದ ಶ್ರೋತೃಗಳಿಗೆ ಒಂಬತ್ತನ್ನೂ ಕೇಳಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು. 1939ರಲ್ಲಿ ತೊಸ್ಕನೀನಿಯು ನ್ಯೂಯಾರ್ಕಿನಲ್ಲಿ ಇವನ್ನು ನುಡಿಸಿ ಬಾನುಲಿಯಲ್ಲಿ ಪ್ರಸಾರವಾದಾಗ ಆರು ವಾರಗಳು ಸಾಕಾದವು. 2012ರ ಜುಲೈಯಲ್ಲಿ ಡ್ಯಾನಿಯೆಲ್ ಬ್ಯಾರೆನ್‌ಬಾಯ್ಮರವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಇವನ್ನು ನಡೆಸಿದಾಗ ಅದು ಸುಮಾರು ಒಂದು ವಾರದ ಮಾತಾಯಿತು. ಅವರ ಮೇಳವು 1999ರಲ್ಲಿ ಇಸ್ರೇಲಿನ ಹಾಗೂ ಅರಬ್ ದೇಶಗಳ ತರುಣ ತರುಣಿಯರನ್ನು ಒಂದೇ ಸಾಲಿನಲ್ಲಿ ಕೂರಿಸಿ ಕಟ್ಟಿದ ಮೇಳವೆಂಬುದನ್ನೂ ಇಲ್ಲಿ ಹೇಳತಕ್ಕದ್ದು.

ಆ ಪ್ರಸಾರವನ್ನು ನಾವು ಅಂತರ್ಜಾಲದ ಮೂಲಕ ಕೇಳಿದೆವು. ಲಂಡನ್ನಿನ ಬೇಸಗೆಯ ಸಂಜೆ ಏಳೂವರೆ ಎಂದರೆ ನಮಗೆ ಸರಿಯಾಗಿ ನಡುರಾತ್ರಿ. ಐದನೆಯ ಸಿಂಫನಿಯ ಮೂರನೆಯ ಭಾಗದ ಅಂತ್ಯದಲ್ಲಿ, ತಂತಿವಾದ್ಯಗಳ ಎಳೆದ ಸ್ವರದ ಕೆಳಗೆ ಭೇರಿಯ ಬಡಿತವು ಕೇಳಿಯೂ ಕೇಳದಂತಿರುತ್ತದೆ. ಯಂತ್ರವೇ ಕೆಟ್ಟಿತೆಂದು ಬಗೆದು ನಾವು ಸ್ಪೀಕರಿನ ತಿರುಪನ್ನು ಪೂರಾ ತಿರುಗಿಸಿದೆವು. ಮರುಕ್ಷಣದಲ್ಲಿ ನಾಲ್ಕನೆಯ ಭಾಗವು, ನಡುವೆ ಬಿಡುವಿಲ್ಲದೆ, ಸಕಲ ಕಹಳೆಗಳೊಡನೆ ಸಿಡಿಯಿತು! ಮಹಡಿಯ ಮೇಲೆ ಮಲಗಿದ್ದ ವಿದ್ಯಾರ್ಥಿನಿಲಯದ ಮಕ್ಕಳೆಲ್ಲರೂ ಎದ್ದರು. ತಪ್ಪು ನಮ್ಮದೇ. ಮೆಲ್ಲನೆಯದನ್ನು ಕೊಂಚ ಏರಿಸಿ, ಜೋರಾದುದನ್ನು ಕೊಂಚ ತಗ್ಗಿಸಿ ಕಳುಹಿಸುವ ವಾಡಿಕೆ ಪ್ರಸಾರದಲ್ಲಿ ಹಿಂದಿನಿಂದಲೂ ಉಂಟು. ಅದರ ಮೇಲೆ ನಮ್ಮ ಕೈಯೂ ಸೇರಿದರೆ ಬೀಥೋವನನು ಬರೆದ ಅಂತರವು ಉಳಿಯುವುದೆಲ್ಲಿ?

ಕೆಲವು ವರ್ಷಗಳ ತರುವಾಯ ಅದೇ ಸಭಾಂಗಣದ ನಡುವಣ ನೆಲದಲ್ಲಿ, ಅಗ್ಗದ ಚೀಟಿ ಪಡೆದು ನಿಂತು, ಈ ಐದನೆಯದನ್ನೇ ಕೇಳುವ ಭಾಗ್ಯ ದೊರೆಯಿತು. ಟ್ರೊಂಬೋನ್ ಎಂಬ ಹಿತ್ತಾಳೆಯ ವಾದ್ಯದವರು ಮೂರು ಜನ ಮೊದಲ ಮೂರು ಭಾಗಗಳಲ್ಲಿ ಒಂದು ಸ್ವರವನ್ನೂ ಊದದೆ ಸುಮ್ಮನೆ ಕುಳಿತಿದ್ದರು. ಇವರು ಬಂದುದಾದರೂ ಏತಕ್ಕೆಂದು ಕಣ್ಣು ಕೇಳುತ್ತಲೇ ಇತ್ತು. ನಾಲ್ಕನೆಯ ಭಾಗ ಬಂದಾಗ ಅವರು ವಾದ್ಯವನ್ನೆತ್ತಿದರು. ಬಾನುಲಿಯಲ್ಲಿ ಈ ಕಾಯುವಿಕೆಯು ಇಲ್ಲ. ಹಾಗೆಂದು ಸಭಾಂಗಣವೇ ಸರ್ವೋತ್ತಮವೆಂದು ನಾವು ಹೇಳೆವು. ಐದು ಸಾವಿರಕ್ಕೆ ಮೇಲ್ಪಟ್ಟು ಜನ ಹಿಡಿಯುವ ಆ ದುಂಡನೆಯ ಕಟ್ಟಡವು 1871ರಲ್ಲಿ ತೆರೆದಂದಿನಿಂದ ಪ್ರತಿಧ್ವನಿಗೆ ಹೆಸರಾಗಿತ್ತು. ಅದನ್ನು ತಗ್ಗಿಸಲು 1969ರಲ್ಲಿ ಛಾವಣಿಯಿಂದ ಅಣಬೆಯಾಕಾರದ ತಟ್ಟೆಗಳನ್ನು ತೂಗುಬಿಡಬೇಕಾಯಿತು. ಮೇಳದ ಸಮೀಪದಲ್ಲಿರುವ ಮೈಕು ನಡುಧ್ವನಿಗಳನ್ನು, ಅಂದರೆ ನಮ್ಮ ಆಲ್ಟೋ ಹುಡುಗಿಯರ ಸ್ಥಾನದ ವಾದ್ಯಗಳನ್ನು, ಹಿಂದಿನ ಸಾಲಿನ ಕಿವಿಗಿಂತ ಚೆನ್ನಾಗಿ ಹಿಡಿಯುತ್ತದೆ.

ಒಟ್ಟಾಗಿ ಕೇಳುವುದರ ಲಾಭವು ಮೂರನೆಯದರಲ್ಲಿಯೇ ಕಾಣುವುದು. ಮೊದಲೆರಡನ್ನು ಕೇಳಿದ ಕಿವಿಗೆ ಅದರ ಉದ್ದವೇ ಒಂದು ಬೆರಗು. ಅದರ ಮೊದಲ ಭಾಗದಲ್ಲಿ ಕೊಂಬು ಒಂದೆಡೆ ಕಾಲಕ್ಕೆ ಮುಂಚೆಯೇ ನುಗ್ಗುತ್ತದೆ. ಮೊದಲ ಅಭ್ಯಾಸದ ದಿನ ಶಿಷ್ಯನಾದ ರೀಸನು ಇದು ವಾದಕನ ತಪ್ಪೆಂದು ಕೂಗಿ, ಗುರುವಿನಿಂದ ಕಪಾಳಕ್ಕೆ ಏಟು ತಿನ್ನುವುದರಲ್ಲಿದ್ದೆನೆಂದು ತಾನೇ ಬರೆದಿದ್ದಾನೆ. ನಾಲ್ಕನೆಯದನ್ನೂ ಎಂಟನೆಯದನ್ನೂ ಬಿಡಿಯಾಗಿ ಹುಡುಕಿ ಕೇಳುವವರು ಕಡಮೆ. ನೆರೆಯವರ ನಡುವೆ ಕೇಳಿದ ಮೇಲೆ ನಮಗೆ ಎಂಟನೆಯದೇ ಅತಿಪ್ರಿಯವಾಯಿತು.

ಒಂಬತ್ತನೆಯದು 1824ನೆಯ ಮೇ 7ರಂದು ಮೊದಲು ನಡೆದಾಗ ಬೀಥೋವನನು ಪೂರ್ಣ ಕಿವುಡನಾಗಿದ್ದನು. ವಾದಕರು ನಿಜವಾಗಿ ನೋಡುತ್ತಿದ್ದುದು ಉಮ್ಲೌಫನೆಂಬವನ ಕೈಯನ್ನು. ಸಭೆಯ ಹರ್ಷಧ್ವನಿಗೆ ಬೆನ್ನುಮಾಡಿ ನಿಂತಿದ್ದ ಆತನನ್ನು ಗಾಯಕಿಯಾದ ಕರೋಲೀನ್ ಉಂಗರ್ ಮೆಲ್ಲನೆ ತಿರುಗಿಸಿದಳಂತೆ. ಆಗ ಆತನು ಬೀಸುವ ಕೈವಸ್ತ್ರಗಳನ್ನು ಕಂಡನು. ನಡುರಾತ್ರಿಯಲ್ಲಿ ನಮಗೆ ಚಪ್ಪಾಳೆ ಕೇಳಿತು, ಒಂದು ಕೈಯೂ ಕಾಣಲಿಲ್ಲ.

ಈ ಸಿಂಫನಿಯ ಕಡೆಯ ಭಾಗದಲ್ಲಿ ಹಿಂದಿನ ಮೂರು ಭಾಗಗಳ ತುಣುಕುಗಳು ಒಂದೊಂದಾಗಿ ಮರಳಿಬಂದು, ಒಂದೊಂದಾಗಿ ಬದಿಗಿಡಲ್ಪಡುತ್ತವೆ. ಅನಂತರ ಬರುವ ರಾಗವನ್ನು ನೀವು ಶಾಲೆಯಲ್ಲಿ ಸ್ತೋತ್ರಗೀತೆಯಾಗಿ ಹಾಡಿದ್ದೀರಿ. ಅದು ಜೊತೆಗೆ ಯಾರೂ ಇಲ್ಲದೆ, ಚೆಲ್ಲೋ ಮತ್ತು ಡಬಲ್ ಬಾಸ್‌ಗಳಲ್ಲಿ ಮಾತ್ರ, ಉಸಿರಿನಷ್ಟು ಮೆಲ್ಲಗೆ ಆರಂಭವಾಗುವುದು. ಆ ರಾತ್ರಿ ನಾವು ತಿರುಪನ್ನು ಮುಟ್ಟಲಿಲ್ಲ.