ಮಾರ್ಚ್‌ನ ನೀರು ನೋಡಿ ಮೀನು ಬಿಡಿ

ಕೃಷಿ ಹೊಂಡದಲ್ಲಿ ಯಾವ ಮೀನು ಸಾಕಬೇಕು, ಎಷ್ಟು ಮರಿ ಬಿಡಬೇಕು ಎಂಬುದನ್ನು ನಿರ್ಧರಿಸಬೇಕಾದದ್ದು ಮಾರ್ಚ್ ತಿಂಗಳಲ್ಲಿ ಹೊಂಡದೊಳಗೆ ಉಳಿಯುವ ನೀರು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಮೀನು ಸಾಕಣೆ ಕೈಕೊಡುವುದು ಹೆಚ್ಚಾಗಿ ಈ ಒಂದು ಲೆಕ್ಕ ತಪ್ಪಿದಾಗ. ಸೆಪ್ಟೆಂಬರ್ ಮಳೆಗೆ ಹೊಂಡ ತುಂಬಿ ತುಳುಕುತ್ತದೆ, ಆ ಹುರುಪಿನಲ್ಲಿ ಕೈಗೆ ಸಿಕ್ಕಷ್ಟು ಮರಿ ಬಿಡಲಾಗುತ್ತದೆ. ಬೇಸಿಗೆಯಲ್ಲಿ ಗಿಡಗಳಿಗೆ ನೀರು ಹರಿದಂತೆ ಮೀನುಗಳು ಒತ್ತೊತ್ತಾಗಿ, ಒಂದು ದಿನ ಬೆಳಗಾಗುವಷ್ಟರಲ್ಲಿ ಸತ್ತು ತೇಲುತ್ತವೆ.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಈ ಭಾಗದಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಗಳು ಹೆಚ್ಚಿದವು. ಭೌಗೋಳಿಕ ಮಾನ್ಯತೆ ಪಡೆದ ಇಂಡಿ ಲಿಂಬೆಯ ತೋಟಗಳಲ್ಲಿ, ದ್ರಾಕ್ಷಿ ಮತ್ತು ದಾಳಿಂಬೆ ಇರುವ ಕಡೆಗಳಲ್ಲಿ ಬೇಸಿಗೆ ದಾಟಲು ಹೊಂಡವೇ ಆಸರೆ. ಅಲ್ಲಿ ಗಿಡದ ಪಾಲು ಮೊದಲು, ಮೀನಿನದು ನಂತರ. ಈ ಕ್ರಮ ಒಪ್ಪಿಕೊಂಡು ಯೋಜಿಸಿದರೆ ಎರಡೂ ಕೈಹಿಡಿಯುತ್ತವೆ.

ನೀರಿನ ಗುಣ

ನಾಲ್ಕೂ ತಾಲ್ಲೂಕುಗಳ ನೀರು ಒಂದೇ ಬಗೆಯದಲ್ಲ. ಕೃಷ್ಣೆಯ ಕಾಲುವೆ ನೀರು ಮುಟ್ಟುವ ಹೊಲಗಳಲ್ಲಿ ಸಿಹಿ ನೀರು ಸಿಗುತ್ತದೆ. ಬಸವನ ಬಾಗೇವಾಡಿಯ ಕಡೆಯಿಂದ ತಾಳಿಕೋಟೆಯತ್ತ ಹರಿದು ಕೃಷ್ಣೆ ಸೇರುವ ಡೋಣಿಯ ದಂಡೆಯಲ್ಲಿ ಸವುಳು ನೀರು, ಸವುಳು ಮಣ್ಣು. ಇಂಡಿ, ಸಿಂದಗಿಯ ಎಷ್ಟೋ ಕೊಳವೆಬಾವಿಗಳ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಗಡಸುತನಕ್ಕೆ ಹೆದರಬೇಕಿಲ್ಲ. ಅದರಲ್ಲಿರುವ ಸುಣ್ಣದ ಅಂಶ ಮೀನಿನ ಎಲುಬಿಗೂ ಹುರುಪೆಗೂ ಒಳ್ಳೆಯದು. ನೋಡಬೇಕಾದದ್ದು ಉಪ್ಪಿನ ಪ್ರಮಾಣವನ್ನು.

ಇಂಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಬೇರೆ ಪ್ರಯೋಗಾಲಯದಲ್ಲೋ ನೀರು ಪರೀಕ್ಷೆ ಮಾಡಿಸಿದರೆ ವರದಿಯಲ್ಲಿ ವಿದ್ಯುತ್ ವಾಹಕತೆಯ ಅಂಕಿ ಇರುತ್ತದೆ. 1 ಡೆಸಿಸೀಮನ್ಸ್ ಎಂದರೆ ಲೀಟರ್ ನೀರಿನಲ್ಲಿ ಸುಮಾರು 640 ಮಿಲಿಗ್ರಾಂ ಲವಣ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಇರುತ್ತದೆ. ಗೆಂಡೆ ಜಾತಿಯ ಮೀನುಗಳು 5 ಡೆಸಿಸೀಮನ್ಸ್‌ವರೆಗೆ, ಅಂದರೆ ಲೀಟರಿಗೆ 3 ಗ್ರಾಂ ಉಪ್ಪಿನವರೆಗೆ ತಕರಾರಿಲ್ಲದೆ ಬೆಳೆಯುತ್ತವೆ. 8 ದಾಟಿದರೆ ಬೆಳವಣಿಗೆ ಕುಂಠಿತವಾಗುತ್ತದೆ, ಎಳೆಯ ಮರಿಗಳು ಉಳಿಯುವುದು ಕಷ್ಟ. ಲಿಂಬೆ ಗಿಡ ಇದಕ್ಕಿಂತ ಬಹಳ ಮೊದಲೇ ಎಲೆ ಸುಟ್ಟುಕೊಳ್ಳುತ್ತದೆ. ಹಾಗಾಗಿ ತೋಟಕ್ಕೆ ಒಗ್ಗದ ನೀರೂ ಮೀನಿಗೆ ಒಗ್ಗಬಹುದು. ತೋಟಕ್ಕೆ ಹಿಡಿಸುವ ನೀರಿನಲ್ಲಂತೂ ಉಪ್ಪಿನ ಚಿಂತೆ ಬೇಡ.

ಆದರೆ ಬಿಸಿಲಿಗೆ ನೀರು ಆವಿಯಾದಾಗ ಉಪ್ಪು ಹೊಂಡದಲ್ಲೇ ಉಳಿಯುತ್ತದೆ. ಪಂಪಿನಿಂದ ಎತ್ತಿದರೆ ನೀರಿನೊಂದಿಗೆ ಉಪ್ಪೂ ಹೊರಗೆ ಹೋಗುತ್ತದೆ, ಆವಿಯಾದರೆ ಹೋಗುವುದಿಲ್ಲ. ಆವಿಯಾದಷ್ಟನ್ನೂ ಸವುಳು ಕೊಳವೆಬಾವಿಯಿಂದಲೇ ತುಂಬಿಸುತ್ತ ಹೋದರೆ ಏಪ್ರಿಲ್ ಹೊತ್ತಿಗೆ ಸಾಂದ್ರತೆ ಏರಿರುತ್ತದೆ. ಅಂಥ ಹೊಂಡಗಳಲ್ಲಿ ಫೆಬ್ರುವರಿಯಲ್ಲಿ ಇನ್ನೊಮ್ಮೆ ನೀರು ಪರೀಕ್ಷಿಸುವುದು ಒಳ್ಳೆಯದು.

ಯಾವ ವರದಿಗಿಂತಲೂ ನಂಬಿಕೆಯ ಪರೀಕ್ಷೆ ಒಂದಿದೆ. ಸೊಳ್ಳೆಪರದೆಯ ಬಟ್ಟೆಯಿಂದ ಮೇಜಿನಷ್ಟಗಲದ ಚೀಲ ಹೊಲಿದು, ಅದರ ಬಾಯಿ ನೀರಿನ ಮೇಲಿರುವಂತೆ ನಾಲ್ಕು ಮೂಲೆಗಳಿಂದ ಹಗ್ಗ ಎಳೆದು ದಂಡೆಯ ಮೇಲೆ ಕಟ್ಟಬೇಕು. ಪ್ಲಾಸ್ಟಿಕ್ ಹೊದಿಸಿದ ಹೊಂಡದಲ್ಲಿ ಗೂಟ ನೆಡಬಾರದು, ಹಾಳೆ ತೂತಾಗುತ್ತದೆ. ಚೀಲದಲ್ಲಿ ಹತ್ತಿಪ್ಪತ್ತು ಮರಿ ಬಿಟ್ಟು ಎರಡು ದಿನ ನೋಡಬೇಕು. ಅವು ಚುರುಕಾಗಿದ್ದರೆ ಉಳಿದವನ್ನು ತರಬಹುದು.

ಹೊಂಡದ ತಯಾರಿ

ಎರೆಮಣ್ಣಿನ ಹೊಂಡಕ್ಕೂ ಹಾಳೆ ಹೊದಿಸಿದ ಹೊಂಡಕ್ಕೂ ತಯಾರಿ ಬೇರೆ. ಎರೆಮಣ್ಣಿನಲ್ಲಿ ಮೀನಿಗೆ ಬೇಕಾದ ಸತ್ವ ಇರುತ್ತದೆ, ಆದರೆ ಕದಡಿದ ಮಣ್ಣು ಬೇಗ ತಿಳಿಯಾಗದೆ ಬಿಸಿಲನ್ನು ತಡೆಯುತ್ತದೆ. ಹಾಳೆಯ ಹೊಂಡದ ನೀರು ತಿಳಿಯಾಗಿದ್ದರೂ ಬರಡು. ಮೀನಿನ ಮೊದಲ ಆಹಾರವಾದ ಪ್ಲವಕ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಮತ್ತು ಜೀವಿಗಳು, ಅಲ್ಲಿ ತಾವಾಗಿ ಹುಟ್ಟುವುದಿಲ್ಲ. ಆದ್ದರಿಂದ ಮರಿ ತರುವ ಹದಿನೈದು ದಿನ ಮೊದಲೇ ಸಗಣಿ ಗೊಬ್ಬರ ಹಾಕಬೇಕು. ಬಾಯಿ 21 ಮೀಟರ್ ಉದ್ದ, ಅಷ್ಟೇ ಅಗಲ ಇರುವ ಹೊಂಡಕ್ಕೆ ಮೊದಲ ಬಾರಿ 100 ಕಿಲೋ, ಆಮೇಲೆ ವಾರಕ್ಕೆ 10 ಕಿಲೋ ಸಾಕು. ಗೊಬ್ಬರವನ್ನು ಗೋಣಿಚೀಲದಲ್ಲಿ ತುಂಬಿ ಮೂಲೆಯಲ್ಲಿ ಇಳಿಬಿಟ್ಟರೆ ರಸ ಮಾತ್ರ ನೀರಿಗೆ ಇಳಿಯುತ್ತದೆ, ಕಸ ಹನಿ ನೀರಾವರಿಯ ಪೈಪಿಗೆ ಹೋಗುವುದಿಲ್ಲ.

ಪ್ಲವಕ ಸಾಕಷ್ಟಿದೆಯೇ ಎಂದು ತಿಳಿಯಲು ಕೈಯೇ ಅಳತೆಗೋಲು. ಅಂಗೈ ಮೇಲ್ಮುಖವಾಗಿ ಹಿಡಿದು ತೋಳನ್ನು ನೀರಿಗೆ ಇಳಿಸಬೇಕು. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾದರೆ ಹದ ಸರಿಯಾಗಿದೆ. ಮಣಿಕಟ್ಟು ದಾಟುವ ಮೊದಲೇ ಮರೆಯಾದರೆ ಗೊಬ್ಬರ ನಿಲ್ಲಿಸಬೇಕು. ಮೊಣಕೈ ದಾಟಿದರೂ ಬೆರಳು ಎಣಿಸುವಂತಿದ್ದರೆ ಇನ್ನಷ್ಟು ಬೇಕು.

ಹಸಿರಾದ ನೀರು ಹನಿ ನೀರಾವರಿಯ ತೂತುಗಳನ್ನು ಕಟ್ಟುತ್ತದೆ. ಮೀನು ಸಾಕುವವರಿಗೆ ಮರಳಿನ ಫಿಲ್ಟರ್ ಬೇಕೇ ಬೇಕು. ಪಂಪಿನ ಫುಟ್‌ವಾಲ್ವ್‌ಗೆ ಸಣ್ಣ ಕಣ್ಣಿನ ಬಲೆ ಸುತ್ತದಿದ್ದರೆ ಮರಿಗಳು ಅದರೊಳಗೆ ಎಳೆದುಹೋಗುತ್ತವೆ. ಕಾಲುವೆ ನೀರು ಬರುವ ಪೈಪಿನ ಬಾಯಿಗೂ ಬಲೆ ಕಟ್ಟಬೇಕು, ಇಲ್ಲವಾದರೆ ತಿಲಾಪಿಯಾ ಮತ್ತು ಬೇಡದ ಕಾಡುಮೀನುಗಳ ಮರಿ ಒಳನುಗ್ಗಿ ಬಿಟ್ಟ ಮರಿಗಳ ಆಹಾರ ಕಬಳಿಸುತ್ತವೆ.

ಹಾಳೆಯ ಇಳಿಜಾರು ಜಾರುತ್ತದೆ; ಬಿದ್ದವರು ಈಜು ಬಲ್ಲವರಾದರೂ ಹತ್ತಿ ಬರಲಾರರು. ಸುತ್ತ ಬೇಲಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಅಥವಾ ಹಳೆ ಟೈರಿನ ಏಣಿ ಇಲ್ಲದ ಹೊಂಡಕ್ಕೆ ಮೀನು ಬಿಡುವ ಮಾತೇ ಬೇಡ. ಮೀನು ಕಂಡರೆ ಮಕ್ಕಳು ದಂಡೆಗೆ ಬಂದೇ ಬರುತ್ತಾರೆ.

ಯಾವ ಮೀನು

ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಒಂದೇ ಹೊಂಡದಲ್ಲಿ ಬೇರೆ ಬೇರೆ ಪದರದ ಮೀನುಗಳನ್ನು ಕೂಡಿಸಿ ಸಾಕುವ ಮಿಶ್ರ ಸಾಕಣೆಯ ಮೂಲತತ್ವ ಇಷ್ಟೇ. ಆದರೆ ಪುಸ್ತಕದಲ್ಲಿರುವ ಆರು ಜಾತಿಗಳ ಪಟ್ಟಿಯನ್ನು ಸಣ್ಣ ಹೊಂಡಕ್ಕೆ ಹೇರುವುದು ಸರಿಯಲ್ಲ. ಬೆಳ್ಳಿ ಗೆಂಡೆ ಮತ್ತು ಕಾಟ್ಲಾ ಎರಡೂ ಮೇಲ್ಪದರದ ಆಹಾರಕ್ಕೆ ಪೈಪೋಟಿ ನಡೆಸುತ್ತವೆ; ಮಾರುಕಟ್ಟೆಯಲ್ಲಿ ಕಾಟ್ಲಾಕ್ಕೆ ಬೇಡಿಕೆ ಇರುವುದರಿಂದ ಬೆಳ್ಳಿ ಗೆಂಡೆ ಬಿಡುವ ಅಗತ್ಯವಿಲ್ಲ. ತಳದಲ್ಲಿ ಮೇಯುವ ಎರಡರಲ್ಲಿ ಒಂದು ಸಾಕು, ಈ ಭಾಗಕ್ಕೆ ಅದು ಸಾಮಾನ್ಯ ಗೆಂಡೆಯೇ ಆಗಲಿ. ಉಪ್ಪು, ಬಿಸಿಲು, ಕದಡಿದ ನೀರು ಎಲ್ಲವನ್ನೂ ಅದು ಸಹಿಸುತ್ತದೆ. ಸಾಮಾನ್ಯ ಗೆಂಡೆಯ ತೊಡಕೆಂದರೆ ಆರೆಂಟು ತಿಂಗಳಲ್ಲೇ ಪ್ರಾಯಕ್ಕೆ ಬಂದು ಹೊಂಡದಲ್ಲೇ ಮೊಟ್ಟೆಯಿಡುವುದು. ಆಗ ಬೆಳವಣಿಗೆ ನಿಲ್ಲುತ್ತದೆ. ಹಂಗೇರಿಯಿಂದ ತಂದು ಹೆಸರಘಟ್ಟದ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ ಅಮೂರ್ ತಳಿ ತಡವಾಗಿ ಪ್ರಾಯಕ್ಕೆ ಬರುತ್ತದೆ, ಬೇಗ ತೂಕ ಹಿಡಿಯುತ್ತದೆ. ಸಿಕ್ಕಿದರೆ ಅದನ್ನೇ ಆರಿಸಬೇಕು. ರೋಹುವಿನಲ್ಲೂ ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆಯ ಜಯಂತಿ ತಳಿ ಉತ್ತಮ.

ಹುಲ್ಲುಗೆಂಡೆ ತೋಟವಿದ್ದವರಿಗೆ ಒಪ್ಪುವ ಮೀನು. ಬದುವಿನ ಎಳೆ ಹುಲ್ಲು, ಕುದುರೆಮೆಂತ್ಯ, ಅಜೋಲ ತಿಂದು ಬೆಳೆಯುತ್ತದೆ. ಅದರ ಹಿಕ್ಕೆ ಉಳಿದ ಮೀನುಗಳಿಗೆ ಗೊಬ್ಬರವಾಗುತ್ತದೆ. ಕಳೆನಾಶಕ ಹೊಡೆದ ಹುಲ್ಲನ್ನು ಮಾತ್ರ ಹಾಕಬಾರದು.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲಿ ನಿಷೇಧವಿದೆ, ಯಾರು ಎಷ್ಟೇ ಲಾಭದ ಆಸೆ ತೋರಿಸಿದರೂ ಒಪ್ಪಬಾರದು. ತಿಲಾಪಿಯಾ ಸಾಕಣೆಗೆ ಇಲಾಖೆಯ ಅನುಮತಿ ಬೇಕು. ಪಂಗಾಸಿಯಸ್ ಚಳಿ ತಡೆಯದು. ಡಿಸೆಂಬರ್ ರಾತ್ರಿಗಳಲ್ಲಿ ಇಲ್ಲಿನ ಆಳವಿಲ್ಲದ ಹೊಂಡಗಳ ನೀರು ತಣ್ಣಗಾದಾಗ ಮೇವು ಬಿಟ್ಟು ರೋಗಕ್ಕೆ ಬೀಳುತ್ತದೆ.

ಎಷ್ಟು ಮರಿ

21 ಮೀಟರ್ ಚೌಕದ, 3 ಮೀಟರ್ ಆಳದ, ಒಂದಕ್ಕೊಂದು ಇಳಿಜಾರಿನ ಹೊಂಡ ತುಂಬಿದಾಗ ಸುಮಾರು 9.8 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ನೀರು ಅರ್ಧ ಆಳಕ್ಕೆ, ಅಂದರೆ ಒಂದೂವರೆ ಮೀಟರಿಗೆ ಇಳಿದಾಗ ಉಳಿಯುವುದು 4.9 ಲಕ್ಷವಲ್ಲ, 4.1 ಲಕ್ಷ ಲೀಟರ್ ಮಾತ್ರ. ಹೊಂಡ ತಳಕ್ಕೆ ಹೋದಂತೆ ಕಿರಿದಾಗುವುದರಿಂದ ಹೀಗೆ. ಆಗ ನೀರಿನ ಮೇಲ್ಮೈ 18 ಮೀಟರ್ ಚೌಕ, ಒಟ್ಟು 324 ಚದರ ಮೀಟರ್.

ಮಿಶ್ರ ಸಾಕಣೆಯಲ್ಲಿ ಹೆಕ್ಟೇರಿಗೆ 5,000 ಮರಿ ಬಿಡುವುದು ರೂಢಿಯ ಪ್ರಮಾಣ. ಎರಡು ಚದರ ಮೀಟರಿಗೆ ಒಂದು ಮೀನು. ಮಾರ್ಚ್‌ನಲ್ಲಿ ಒಂದೂವರೆ ಮೀಟರ್ ನೀರು ಉಳಿಸಿಕೊಳ್ಳಬಲ್ಲ ಹೊಂಡಕ್ಕೆ ಈ ಲೆಕ್ಕದಲ್ಲಿ 162 ಮೀನು. ಹಕ್ಕಿ, ಹಾವು, ಸಾಗಣೆಯ ನಷ್ಟ ಸೇರಿಸಿ 200 ಮರಿ ಬಿಡಬಹುದು: ರೋಹು 80, ಕಾಟ್ಲಾ 60, ಸಾಮಾನ್ಯ ಗೆಂಡೆ 40, ಹುಲ್ಲುಗೆಂಡೆ 20. ಸಾವಿರ ಮರಿ ಬಿಟ್ಟರೆ ಸಾವಿರ ಮೀನು ಸಿಗುತ್ತದೆ ಎಂಬುದು ಸುಳ್ಳು; ಬೆರಳುದ್ದದಲ್ಲೇ ಉಳಿದ ಮೀನನ್ನು ಯಾರೂ ಕೊಳ್ಳುವುದಿಲ್ಲ. ಫೆಬ್ರುವರಿಯಲ್ಲೇ ಬತ್ತುವ ಹೊಂಡಕ್ಕೆ ಆಹಾರದ ಮೀನು ಬೇಡವೇ ಬೇಡ.

ಮರಿ ತರುವುದು, ಬಿಡುವುದು

ಗೆಂಡೆಗಳು ಮಳೆಗಾಲದಲ್ಲಿ ಮರಿ ಮಾಡುವುದರಿಂದ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮರಿ ಸಿಗುತ್ತದೆ. ಮಾರ್ಚ್‌ನೊಳಗೆ ಹಿಡಿಯಬೇಕಾದ್ದರಿಂದ ಒಂದಂಗುಲದ ಸಣ್ಣ ಮರಿ ಇಲ್ಲಿಗೆ ಆಗದು. ಮೂರ್ನಾಲ್ಕು ಅಂಗುಲದ ಬಲಿತ ಬಿತ್ತನೆ ಮರಿಯನ್ನೇ ಕೇಳಿ ಪಡೆಯಬೇಕು. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಮುಂಗಡ ಬೇಡಿಕೆ ಕೊಡಬಹುದು. ವಿಜಯಪುರದ ಭೂತನಾಳದಲ್ಲಿರುವ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಲ್ಲಿ ಸಲಹೆ ಸಿಗುತ್ತದೆ.

ಆಮ್ಲಜನಕ ತುಂಬಿದ ಚೀಲಗಳಲ್ಲಿ ಬರುವ ಮರಿಗಳನ್ನು ಬೆಳಗಿನ ಅಥವಾ ಸಂಜೆಯ ತಂಪಿನಲ್ಲೇ ಬಿಡಬೇಕು. ಚೀಲದ ಬಾಯಿ ಬಿಚ್ಚದೆ ಇಪ್ಪತ್ತು ನಿಮಿಷ ಹೊಂಡದಲ್ಲಿ ತೇಲಿಸಿದರೆ ಒಳಗಿನ, ಹೊರಗಿನ ಬಿಸಿ ಸಮನಾಗುತ್ತದೆ. ಬಿಚ್ಚಿದ ಮೇಲೆ ತಡಮಾಡುವಂತಿಲ್ಲ. ಪ್ರಯಾಣದಲ್ಲಿ ಕೂಡಿದ್ದ ಇಂಗಾಲದ ಡೈಆಕ್ಸೈಡ್ ಹೊರಹೋದ ಕೂಡಲೇ ಚೀಲದ ನೀರಿನ ಕ್ಷಾರತೆ ಏರಿ, ಅದರಲ್ಲಿರುವ ಅಮೋನಿಯ ವಿಷವಾಗುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಬೊಗಸೆ ಬೊಗಸೆಯಾಗಿ ಹೊಂಡದ ನೀರು ಬೆರೆಸಿ ಚೀಲ ಓರೆ ಮಾಡಬೇಕು, ಮರಿಗಳು ತಾವಾಗಿ ಈಜಿ ಹೊರಬರುತ್ತವೆ. ಗಾಯವಾದ ಮರಿಗಳಿದ್ದರೆ 10 ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಒಂದೆರಡು ನಿಮಿಷ ಅದ್ದಿ ಬಿಡಬಹುದು.

ಮೇವು, ವಿಷ, ಉಸಿರು

ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲು ನೆನೆಸಿ, ತೂತು ಮಾಡಿದ ಚೀಲದಲ್ಲಿ ಕಟ್ಟಿ ದಿನವೂ ಒಂದೇ ಜಾಗದಲ್ಲಿ ತೂಗಬಿಡಬೇಕು. ಮೊದಮೊದಲು ಮೀನುಗಳ ಒಟ್ಟು ತೂಕದ ನೂರಕ್ಕೆ 5 ಪಾಲು, ಬೆಳೆದ ಮೇಲೆ 2 ಪಾಲು ಸಾಕು. ಮರುದಿನ ಚೀಲದಲ್ಲಿ ಮೇವು ಉಳಿದಿದ್ದರೆ ಕಡಿಮೆ ಮಾಡಬೇಕು.

ಹೊಂಡದ ದೊಡ್ಡ ಶತ್ರು ತೋಟದ ಔಷಧಿಯೇ. ಲಿಂಬೆಯ ಕಜ್ಜಿ ರೋಗಕ್ಕೆ ಹೊಡೆಯುವ ತಾಮ್ರದ ಔಷಧಿ, ತೊಗರಿಯ ಕಾಯಿಕೊರಕಕ್ಕೆ ಹೊಡೆಯುವ ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ, ಎರಡೂ ಮೀನಿಗೆ ಮಾರಕ. ತೊಗರಿಗೆ ಸಿಂಪಡಿಸುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲೇ ಮರಿಗಳು ಎಳೆಯವಾಗಿರುತ್ತವೆ. ಸ್ಪ್ರೇ ಪಂಪನ್ನು ಹೊಂಡದಲ್ಲಿ ಅದ್ದಿ ತುಂಬುವುದು, ದಂಡೆಯ ಮೇಲೆ ತೊಳೆಯುವುದು, ಗಾಳಿ ಹೊಂಡದತ್ತ ಬೀಸುವಾಗ ಸಿಂಪಡಿಸುವುದು ಕೂಡದು. ಸಿಂಪಡಿಸಿದ ಹೊಲದ ಮೊದಲ ಮಳೆನೀರು ಹೊಂಡಕ್ಕೆ ಬಾರದಂತೆ ಬದು ತಿರುಗಿಸಬೇಕು.

ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ತೀರಿದೆ ಎಂದರ್ಥ. ಮೋಡ ಮುಸುಕಿದ ದಿನದ ಮರುಬೆಳಗ್ಗೆ, ನೀರು ತೀರಾ ಹಸಿರಾದಾಗ ಹೀಗಾಗುವುದು ಹೆಚ್ಚು. ಕೂಡಲೇ ಪಂಪು ಹಚ್ಚಿ ಹೊಂಡದ ನೀರನ್ನೇ ಎತ್ತರದಿಂದ ಹೊಂಡಕ್ಕೆ ಸುರಿಸಬೇಕು. ಗೊಬ್ಬರ, ಮೇವು ಎರಡನ್ನೂ ಕೆಲ ದಿನ ನಿಲ್ಲಿಸಬೇಕು. ಕರೆಂಟು ಬರುವ ಹೊತ್ತು ನೆಚ್ಚುವಂತಿಲ್ಲದ ಕಡೆ ಡೀಸೆಲ್ ಪಂಪು ಹತ್ತಿರವಿರಲಿ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳ ಕಾಟಕ್ಕೆ ಹೊಂಡದ ಮೇಲೆ ಅಡ್ಡಡ್ಡ ನೂಲು ಕಟ್ಟಿದರೆ ಸಾಕು.

ಹಿಡಿಯುವುದು

ಆರೇಳು ತಿಂಗಳಲ್ಲಿ ಮೀನು ಅರ್ಧ ಕಿಲೋ ಆಸುಪಾಸು ತೂಗುತ್ತದೆ. 200 ಮರಿಯಲ್ಲಿ 150 ಉಳಿದರೂ 75 ಕಿಲೋ. ಊರಲ್ಲಿ ಮೀನು ತಿನ್ನುವ ಮನೆಗಳು ಕಡಿಮೆ ಇದ್ದರೆ ಮರಿ ತರುವ ಮೊದಲೇ ಪಟ್ಟಣದ ವ್ಯಾಪಾರಿಯನ್ನು ಗೊತ್ತುಮಾಡಿಕೊಳ್ಳಬೇಕು. ಹಿಡಿದ ಮೀನು ಬೇಸಿಗೆಯಲ್ಲಿ ಐಸ್ ಇಲ್ಲದೆ ಕೆಲವೇ ತಾಸಿನಲ್ಲಿ ಕೆಡುತ್ತದೆ. ಫೆಬ್ರುವರಿಯಿಂದಲೇ ದೊಡ್ಡವನ್ನು ಆರಿಸಿ ಹಿಡಿಯುತ್ತ ಬಂದರೆ ಇಳಿಯುವ ನೀರಿಗೆ ತಕ್ಕಂತೆ ಮೀನಿನ ಸಂಖ್ಯೆಯೂ ಇಳಿಯುತ್ತದೆ. ಎಳೆಬಲೆಯ ಕೆಳಗಿನ ಸೀಸದ ಗುಂಡುಗಳು ಹಾಳೆಯನ್ನು ಗೀರದಂತೆ ಬಟ್ಟೆ ಸುತ್ತಿರಬೇಕು. ಉಳಿದ ಮೀನನ್ನು ಹಳ್ಳಕ್ಕೋ ಕಾಲುವೆಗೋ ಬಿಡಬಾರದು. ತಳದಲ್ಲಿ ಕೂಡಿದ ಹಿಕ್ಕೆ, ಗೊಬ್ಬರದ ರಾಡಿಯನ್ನು ಬುಟ್ಟಿಯಲ್ಲಿ ಎತ್ತಿ ಲಿಂಬೆ ಗಿಡಗಳ ಪಾತಿಗೆ ಹಾಕಬಹುದು. ನೀರು ಸವುಳಾಗಿದ್ದ ಹೊಂಡದ ರಾಡಿಯಾದರೆ ಮಳೆ ಬಿದ್ದು ಉಪ್ಪು ತೊಳೆದುಹೋಗುವವರೆಗೆ ಬದುವಿನ ಮೇಲೆ ಹರವಿರಬೇಕು.